ಕೆಂಪು ದಾರ ಕಟ್ಟದ ಬಳ್ಳಿ

ಸೆಪ್ಟೆಂಬರ್ 14

ಕರಪತ್ರ ಹಂಚುವ ತಂಗಿಗೆ,

ನೀನು ಆಸ್ಪತ್ರೆಯ ಗೇಟಿನಲ್ಲೇ ಬಸ್ಸು ಹತ್ತಿ ಹೋದ ಮುಂದಿನ ವಾರ ಅಮ್ಮನನ್ನು ಮನೆಗೆ ಕರೆತಂದೆವು. ಬಲಗೈ, ಬಲಗಾಲಿಗೆ ಇನ್ನೂ ಜೀವ ಬಂದಿಲ್ಲ. ಮಾತೂ ಇಲ್ಲ. ಆದರೆ ನಾವು ಆಡುವುದೆಲ್ಲ ತಿಳಿಯುತ್ತದೆ. ನಿನ್ನ ಅತ್ತಿಗೆ ಹಾಲಿಗೆ ಒಂದು ಲೋಟ ನೀರು ಹೆಚ್ಚಿಗೆ ಸುರಿದರೆ ಈಗಲೂ ಹುಬ್ಬು ಗಂಟಿಕ್ಕುತ್ತಾಳೆ. ಹಿತ್ತಲ ಬಾಗಿಲಿನ ಪಕ್ಕ ಮಂಚ ಹಾಕಿಕೊಟ್ಟಿದ್ದೇವೆ, ಚಪ್ಪರ ಕಾಣಲಿ ಎಂದು. ಮಡಹಾಗಲದ ಬಳ್ಳಿಗಳಲ್ಲಿ ಅಮ್ಮ ಹಾಸಿಗೆ ಹಿಡಿಯುವ ಮುಂಚೆ ಕಟ್ಟಿದ ಮುಳ್ಳುಮೈಯ ಕಾಯಿಗಳು ಹಣ್ಣಾಗಿ ತೂಗುತ್ತಿವೆ. ಆಮೇಲೆ ಒಂದೂ ಹೊಸ ಕಾಯಿ ಕಟ್ಟಿಲ್ಲ. "ಬಳ್ಳಿಗೂ ಅತ್ತೆ ಮೇಲೆ ಮುನಿಸು" ಅನ್ನುತ್ತಾಳೆ ನಿನ್ನ ಅತ್ತಿಗೆ.

ಬರೆಯುತ್ತಿರುವ ಕಾರಣ ಬೇರೆ. ಮನೆ ಮಾಲೀಕರು ಬಂದಿದ್ದರು. ಹೊಸ ವರ್ಷಕ್ಕೆ ಹಿತ್ತಲಲ್ಲಿ ಎರಡು ಕೋಣೆ ಎಬ್ಬಿಸಿ, ಉಳಿದ ಜಾಗಕ್ಕೆ ಕಾಂಕ್ರೀಟ್ ಹಾಕಿಸುತ್ತಾರಂತೆ. ಅಂದರೆ ಚಪ್ಪರ ಹೋಗುತ್ತದೆ. ನೀನು ಗೆಳೆಯರ ಜೊತೆ ಮಾಡುತ್ತಿರುವ ತೋಟಕ್ಕೆ ಈ ಬಳ್ಳಿ ಬೇಕೇ? ಬೇಡವೆನ್ನುತ್ತೀಯೆಂದು ಗೊತ್ತು. ಹೋದ ವರ್ಷ ಚೀಲ ಹೆಗಲಿಗೇರಿಸಿ ಇದೇ ಹಿತ್ತಲ ಮೆಟ್ಟಿಲ ಮೇಲೆ ನಿಂತು ನೀನು ಅಮ್ಮನಿಗೆ ಹೇಳಿದ್ದು ನನಗೆ ಮರೆತಿಲ್ಲ. "ನಾಲ್ಕು ಮನೆಗೆ ಹಂಚೋ ಬೊಗಸೆ ಕಾಯಿಗೆ ಒಂದು ಜನ್ಮ ಸವೆಸಿದೆಯಲ್ಲಮ್ಮ, ಇದರಿಂದ ಯಾರ ಹೊಟ್ಟೆ ತುಂಬ್ತು?" ಅಮ್ಮನಿಗೆ ಆಗ ಮಾತಿತ್ತು. ಆದರೂ ಚಪ್ಪರದ ಕಡೆ ತಿರುಗಿ ಕಾಯಿ ಬಿಡಿಸತೊಡಗಿದಳು.

ಕೇಳುವುದು ಧರ್ಮ, ಕೇಳಿದ್ದೇನೆ.

ನಿನ್ನ ಅಣ್ಣ,
ಹೊಲಿಗೆ ಯಂತ್ರ ರಿಪೇರಿಯವನು


ಸೆಪ್ಟೆಂಬರ್ 22

ಅಣ್ಣಾ,

ಬೇಕು. ಒಂದನ್ನೂ ಹಾಳು ಮಾಡಬೇಡ.

ನಾನು ಅಂದ ಮಾತು ನನಗೂ ನೆನಪಿದೆ. ಆಗ ನನಗೆ ತಿಳಿದಿದ್ದು ಅಷ್ಟೇ. ಇಲ್ಲಿಗೆ ಬಂದ ಮೇಲೆ ಓದಿದೆ. ನೀನು ನಗುತ್ತೀ, ನಗು. ಹದಿನಾರು ಪುಟದ ಪುಸ್ತಿಕೆ, ಹೊದಿಕೆಯೂ ಇಲ್ಲ. ಸಂತೆಗೆ ಹೋಗಿ ನೋಡು: ಎಲ್ಲ ಅಂಗಡಿಯಲ್ಲೂ ಅದೇ ನಾಲ್ಕು ತರಕಾರಿ, ಎಲ್ಲಕ್ಕೂ ಪೇಟೆಯಿಂದ ಬಂದ ಬೀಜ. ಬಿಸಿಲಿಗೆ ಹೆದರದೆ, ಗೊಬ್ಬರ ಕೇಳದೆ, ಬೇಲಿಗೆ ಹಬ್ಬಿ ಬೆಳೆಯುತ್ತಿದ್ದ ಎಷ್ಟೋ ಕಾಯಿ ಸೊಪ್ಪುಗಳನ್ನು ಜನ ಹೆಸರು ಸಮೇತ ಮರೆತಿದ್ದಾರೆ. ಬೇರೆಯವರು ಮಾರಿದ್ದನ್ನೇ ತಿನ್ನಬೇಕಾದ ಜನಕ್ಕೆ ಸ್ವಾತಂತ್ರ್ಯ ಎನ್ನುವ ಪದ ಬರೀ ಬಾಯಿಚಪಲ. ಅದಕ್ಕೇ ನಾವು ಏಳು ಜನ ಈ ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಜಾಗದಲ್ಲಿ ಕುಳಿತಿರುವುದು. ನೆಲ ಬೆಂದು ಕೆಂಪಾಗಿದೆ, ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಕೆರೆಯ ಗೋಡುಮಣ್ಣು ಹೊತ್ತು ತಂದು ಗುಣಿ ತುಂಬುತ್ತಿದ್ದೇವೆ. ಬಸಳೆ ಬಂತು. ತಮಟೆ ಅವರೆ ಬಂತು, ಒಂದೊಂದು ಕಾಯಿ ಮೊಳದುದ್ದ. ನಾಲ್ಕು ಅಂಚಿಗೂ ರೆಕ್ಕೆಯಿರುವ ರೆಕ್ಕೆ ಅವರೆಯೂ ಬಂತು. ಮಡಹಾಗಲ ಮಾತ್ರ ಯಾರ ಬಳಿಯೂ ಇಲ್ಲ. ಅದು ನಮ್ಮ ಅಮ್ಮನ ಹಿತ್ತಲಲ್ಲಿದೆ ಎಂದು ಹೇಳುವಾಗ ನನಗಾದ ಹೆಮ್ಮೆಯನ್ನು ಅವಳಿಗೆ ತಿಳಿಸು.

ಈಗ ಕೆಲಸದ ಮಾತು. ಚಳಿ ಬಂದರೆ ಬಳ್ಳಿ ಒಣಗಿ, ನೆಲದೊಳಗೆ ಗೆಡ್ಡೆ ಮಾತ್ರ ಮಲಗಿರುತ್ತದೆ. ಎಲೆ ಒಣಗಿದ ಮೇಲೆ ಯಾವುದು ಯಾವುದೆಂದು ಗುರುತು ಸಿಗುವುದಿಲ್ಲ. ಆದ್ದರಿಂದ ಈಗಲೇ, ಕಾಯಿ ಕಣ್ಣಿಗೆ ಕಾಣುತ್ತಿರುವಾಗಲೇ, ಕಾಯಿ ಬಿಟ್ಟ ಬಳ್ಳಿಯ ಬುಡದಲ್ಲಿ ಒಂದೊಂದು ಗೂಟ ನೆಟ್ಟು ಕೆಂಪು ದಾರ ಕಟ್ಟು. ಅಗೆದ ಮೇಲೆ ಅದೇ ದಾರವನ್ನು ಗೆಡ್ಡೆಯ ಕುತ್ತಿಗೆಗೆ ಕಟ್ಟು. ಕೆಂಪು ದಾರದವನ್ನು ಮಾತ್ರ ಕಳಿಸು. ಬರೀ ಹೂ ಬಿಟ್ಟು ನಿಂತ ಬಳ್ಳಿಗಳು ಅಲ್ಲಿ ಎಷ್ಟೋ ಇವೆ, ಗೋಡೆಯ ಕಡೆ. ಅವು ಬೇಡ. ನಮ್ಮದು ಹೊತ್ತು ತಂದ ಮಣ್ಣು, ಅಳೆದು ಹಾಕುವ ನೀರು. ದುಡಿಯದೆ ತಿನ್ನುವವರಿಗೆ ಈ ತೋಟದಲ್ಲಿ ಜಾಗವಿಲ್ಲ ಎಂಬುದು ಮನುಷ್ಯರಿಗೆ ಮಾಡಿಕೊಂಡ ನಿಯಮ, ಬಳ್ಳಿಗೂ ಅದೇ.

ಅಮ್ಮನಿಗೆ ಈ ಪತ್ರ ಓದಿ ಹೇಳು. ಆಸ್ಪತ್ರೆಯಲ್ಲಿ ನಾನು ಹೊರಡುತ್ತೇನೆ ಅಂದಾಗ ಅವಳು ಗೋಡೆ ಕಡೆ ತಿರುಗಿದಳು. ಅದನ್ನು ನೀನು ನೋಡಲಿಲ್ಲ.

ಹೋರಾಟದ ವಂದನೆಗಳೊಂದಿಗೆ,
ನಿನ್ನ ತಂಗಿ


ಅಕ್ಟೋಬರ್ 8

ತಂಗಿ,

ನಿನ್ನ ಹೋರಾಟದ ವಂದನೆಯನ್ನು ಅತ್ತಿಗೆಗೂ ಹಂಚಿದ್ದೇನೆ. "ನನಗೆ ಪಾತ್ರೆ ತೊಳೆಯೋ ಹೋರಾಟಾನೇ ಸಾಕು ಅಂತ ಹೇಳಿ" ಅಂದಳು.

ದಾರ ಕಟ್ಟಿದೆ. ದರ್ಜಿಯೊಬ್ಬನ ಯಂತ್ರಕ್ಕೆ ಹೊಸ ಬೆಲ್ಟ್ ಹಾಕಿ ಬರುವಾಗ ಬಣ್ಣ ಬಿಡದ ದಾರದ ಉಂಡೆಯೊಂದನ್ನು ಕೇಳಿ ತಂದೆ. ಹತ್ತು ಗೂಟ. ನಿನ್ನ ಅಣ್ಣನ ಕೈಕೆಲಸ ಗೊತ್ತಲ್ಲ, ಒಂದು ಬಳ್ಳಿಯೂ ತಪ್ಪಿಲ್ಲ. ಕುಡಿ ಹಿಡಿದು ಬುಡದವರೆಗೂ ಬೆರಳಾಡಿಸಿ ನೋಡಿಯೇ ಕಟ್ಟಿದ್ದು.

ಪತ್ರವನ್ನು ಅಮ್ಮನಿಗೆ ಓದಿದೆ. ಹೆಮ್ಮೆಯ ಮಾತು ಬಂದಾಗ ಕಣ್ಣು ಮುಚ್ಚಿ ಕೇಳಿದಳು. ಕೆಂಪು ದಾರದ ಮಾತು ಬರುತ್ತಲೇ ಎದ್ದು ಕೂರಲು ನೋಡಿದಳು. ಗಂಟಲಲ್ಲಿ ಏನೋ ಸದ್ದು. ಎಡಗೈ ಆಡಿಸಿ ಬೇಡ ಬೇಡ ಅನ್ನುವ ಹಾಗೆ. ಚಪ್ಪರ ಕೀಳುವುದು ಬೇಡ ಅನ್ನುತ್ತಿದ್ದಾಳೆ ಎಂದುಕೊಂಡೆ. "ಮಾಲೀಕರ ಜಾಗ ಅಮ್ಮಾ, ನಾವೇನ್ ಮಾಡೋಕಾಗುತ್ತೆ?" ಅಂದೆ. ಅವಳು ನನ್ನನ್ನು ನೋಡಿದ ರೀತಿ ಹೇಳಲಾರೆ. ಚಿಕ್ಕವನಿದ್ದಾಗ ಲೆಕ್ಕ ತಪ್ಪು ಮಾಡಿದರೆ ಹಾಗೆ ನೋಡುತ್ತಿದ್ದಳು.

ಆಮೇಲಿಂದ ಒಂದು ಅಭ್ಯಾಸ ಹಿಡಿದಿದೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಹೊದಿಕೆಯಿಂದ ಏನನ್ನೋ ಚಿವುಟುತ್ತಾಳೆ, ಇನ್ನೊಂದು ಕಡೆ ಒತ್ತುತ್ತಾಳೆ. ಮತ್ತೆ ಚಿವುಟುತ್ತಾಳೆ, ಮತ್ತೆ ಒತ್ತುತ್ತಾಳೆ. ಉಪ್ಪು ಬೇಕೇನೋ ಎಂದು ಗಂಜಿಗೆ ಉಪ್ಪು ಹಾಕಿದರೆ ಲೋಟ ತಳ್ಳಿದಳು. ಲಕ್ವ ಹೊಡೆದವರು ಹೀಗೆ ಬಟ್ಟೆ ಕೆರೆಯುವುದುಂಟು ಎಂದರು ಡಾಕ್ಟರು.

ಅಣ್ಣ


ಅಕ್ಟೋಬರ್ 19

ಅಣ್ಣಾ,

ನಮ್ಮ ಜೊತೆ ಇರುವ ನರ್ಸ್‌ಗೆ ನಿನ್ನ ಪತ್ರ ತೋರಿಸಿದೆ. ಆಸ್ಪತ್ರೆ ಕೆಲಸ ಬಿಟ್ಟು ಬಂದವಳು. "ಕೆರೆಯೋದು ಬೇರೆ, ಇದು ಬೇರೆ. ಅವರು ಏನೋ ಕೇಳ್ತಿದ್ದಾರೆ. ನಿನ್ನ ನೋಡಿದ್ರೆ ಹೇಳಬಹುದು, ಹೋಗಿ ಬಾ" ಅಂದಳು. ನಾನು ಹೋಗಿ ಏನು ಮಾಡಲಿ? ಮಾತಿದ್ದಾಗಲೇ ನಾವಿಬ್ಬರೂ ಮಾತಾಡಿ ಒಂದು ಕಡೆ ನಿಂತವರಲ್ಲ. ಈಗ ಅವಳಿಗೆ ಮಾತಿಲ್ಲ, ನನ್ನ ಕೈಯಲ್ಲಿ ಕೊಡಲು ಏನೂ ಇಲ್ಲ.

ಆದರೆ ಒಂದು ನಿಶ್ಚಯ ಮಾಡಿದ್ದೇನೆ. ಈ ಬಳ್ಳಿ ಇಲ್ಲಿ ಕಾಯಿ ಬಿಡಲಿ. ಮೊದಲ ಬುಟ್ಟಿ ಕಾಯಿಯನ್ನು ನಾನೇ ಹೊತ್ತು ತಂದು ಅಮ್ಮನ ಎಡಗೈಗೆ ಕೊಡುತ್ತೇನೆ. ಅವಳು ಬೊಗಸೆಯಲ್ಲಿ ಹಂಚಿದ್ದನ್ನು ನಾವು ಬುಟ್ಟಿಯಲ್ಲಿ ಹಂಚುತ್ತೇವೆ ಎಂದು ಆಗ ಹೇಳಬಹುದು. ಅದು ಕ್ಷಮೆ ಕೇಳಿದ ಹಾಗೂ ಆಗುತ್ತದೆ. ಬಾಯಲ್ಲಿ ಕೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ತಂಗಿ


ಜನವರಿ 5

ತಂಗಿ,

ಗೆಡ್ಡೆ ತಲುಪಿರಬೇಕು. ಬಿಸ್ಕತ್ತಿನ ಡಬ್ಬಕ್ಕೆ ಒಣ ಮರಳು ತುಂಬಿ, ಒಂದಕ್ಕೊಂದು ತಾಗದ ಹಾಗೆ ಇಟ್ಟು ಕಂಡಕ್ಟರ್ ಕೈಗೆ ಕೊಟ್ಟಿದ್ದೆ. ಸೀಟಿನ ಕೆಳಗೆ ಇಡ್ತೀನಿ ಅಂದವನು, ಹತ್ತೂ ಗೆಡ್ಡೆ ಕುತ್ತಿಗೆಗೆ ದಾರ ಕಟ್ಟಿಕೊಂಡಿರುವುದು ನೋಡಿ, "ಇದೇನು, ಕೈದಿಗಳಾ?" ಎಂದು ಕೇಳಿದ.

ಮಿಕ್ಕವನ್ನು ಅಗೆದು ಮೂಟೆ ಕಟ್ಟಿ ಕಾಲುವೆ ದಂಡೆಯ ಮೇಲೆ ಸುರಿದು ಬಂದೆ. ನಿನ್ನೆ ಕಾಂಕ್ರೀಟ್ ಹಾಕಿದರು. ನೆಲ ತಟ್ಟುವ ಸದ್ದು ಇಡೀ ದಿನ. ಹಿತ್ತಲ ಬಾಗಿಲು ಮುಚ್ಚಿಡೋಣವೆಂದರೆ ಅಮ್ಮ ಬಿಡಲಿಲ್ಲ, ನೋಡುತ್ತಲೇ ಇದ್ದಳು. ಅದಕ್ಕೆ ಮೊದಲು ಮೂಟೆ ಸಾಗಿಸುವಾಗ ನಾನು ಅವಳ ಮಂಚದ ಪಕ್ಕದಿಂದಲೇ ಹೋಗಬೇಕಾಯಿತು. ಎಡಗೈ ಚಾಚಿ ಮೂಟೆಯ ಮೂಲೆ ಹಿಡಿದಳು. ಬಿಡಿಸಿಕೊಳ್ಳುವಾಗ ಬೆರಳು ಒಂದೊಂದಾಗಿ ಎತ್ತಬೇಕಾಯಿತು.

ಅವಳ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ಖುಷಿಪಟ್ಟೆ. ಇದು ನಿಜ.

ಅಣ್ಣ


ಮಾರ್ಚ್ 27

ಅಣ್ಣಾ,

ಹತ್ತರಲ್ಲಿ ಹತ್ತೂ ಚಿಗುರಿವೆ. ನೆಲ ಕಾದ ಮೇಲೆಯೇ ಅವು ಕಣ್ಣು ಬಿಟ್ಟದ್ದು. ಮೊದಲು ಬಂದ ಮೊಳಕೆ ಕೊಕ್ಕೆಯ ಹಾಗೆ ಬಾಗಿ, ಎರಡು ದಿನಕ್ಕೆ ನೆಟ್ಟಗೆ ನಿಂತಿತು. ಹಳೆಯ ಭಟ್ಟಿಯ ಗೋಡೆಗೆ ತಂತಿ ಬಿಗಿದು ಚಪ್ಪರ ಮಾಡಿದ್ದೇವೆ. ದಾರಗಳನ್ನು ಎಸೆದಿಲ್ಲ, ಗೂಟಕ್ಕೆ ಕಟ್ಟಿಟ್ಟಿದ್ದೇನೆ. ನಮ್ಮ ಗುಂಪಿನ ಡ್ರೈವರ್ ದಿನಾ ಬೆಳಿಗ್ಗೆ ಬಂದು, "ಹತ್ತು ಜನ ಕಾಮ್ರೇಡ್‌ಗಳೂ ಹಾಜರ್" ಎಂದು ವರದಿ ಕೊಡುತ್ತಾನೆ.

ಸಂತೆಯಲ್ಲಿ ರೆಕ್ಕೆ ಅವರೆ ಇಟ್ಟುಕೊಂಡು ಕೂತಿದ್ದೆವು. ಒಬ್ಬಾಕೆ ಎತ್ತಿ ನೋಡಿ, "ಇದು ನಾವು ತಿನ್ನೋದೋ ದನ ತಿನ್ನೋದೋ?" ಅಂದಳು. ಹಸಿಯಾಗಿಯೇ ಮುರಿದು ತಿಂದು ತೋರಿಸಿದೆ. ಅವಳು ಕೊಳ್ಳಲಿಲ್ಲ. ಪಕ್ಕದ ಅಂಗಡಿಯಿಂದ ಕೋಸು ಕೊಂಡುಹೋದಳು. ಇದೆಲ್ಲ ಒಂದು ದಿನದ ಕೆಲಸವಲ್ಲ. ಆದರೂ ಆ ದಿನ ಸಂಜೆ ನನಗೆ ಬಹಳ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಮ್ಮ ಯಾವತ್ತೂ ಸಂತೆಗೆ ಒಯ್ಯಲಿಲ್ಲ. ಬಾಗಿಲು ತಟ್ಟಿ ಕೊಟ್ಟು, ಹೇಗೆ ಹೆಚ್ಚಬೇಕೆಂದು ಹೇಳಿ ಬರುತ್ತಿದ್ದಳು. ಮುಂದಿನ ವಾರ ಅವರೇ ಬಂದು ಕೇಳುತ್ತಿದ್ದರು. ಈಗ ಯೋಚಿಸಿದರೆ ಅದೂ ಒಂದು ದಾರಿ.

ತಂಗಿ


ಜೂನ್ 9

ಅಣ್ಣಾ, ಅಮ್ಮನಿಗೆ ತಕ್ಷಣ ಓದಿ ಹೇಳು,

ಹೂ ಬಂದಿದೆ. ಎಲ್ಲ ಬಳ್ಳಿಯಲ್ಲೂ ಬಂದಿದೆ. ಹೊತ್ತು ಇಳಿಯುವಾಗ ಮೊಗ್ಗು ಬಿಚ್ಚಿಕೊಳ್ಳುತ್ತದೆ, ತಿಳಿಹಳದಿ. ಪ್ರತಿ ಹೂವಿನ ಬುಡದಲ್ಲೂ ಮುಳ್ಳುಮುಳ್ಳಿನ ಪುಟ್ಟ ಗಂಟು ಇದೆ, ಅದೇ ಮುಂದೆ ಕಾಯಿ. ಅಂದರೆ ನಮ್ಮ ಆಯ್ಕೆ ಸರಿಯಾಗಿತ್ತು. ಒಂದೂ ಸೋಮಾರಿ ಹೂವಿಲ್ಲ. ಕುಂಬಳದಲ್ಲಿ ಅರ್ಧಕ್ಕರ್ಧ ಹೂ ಸುಮ್ಮನೆ ಉದುರಿಹೋಗುತ್ತವೆ, ಇಲ್ಲಿ ಎಲ್ಲವೂ ಕಾಯಿಗೆಂದೇ ಬಂದವು. ನಮ್ಮ ಗುಂಪಿನ ಕನ್ನಡಕದವನು ಎಣಿಸಿ, "ಈ ವರ್ಷ ಸಂತೇಲಿ ನಮ್ಮದೇ ರಾಜ್ಯ" ಅಂದ.

ಮೊನ್ನೆ ಆ ಹೊತ್ತಿನಲ್ಲಿ ಚಪ್ಪರದ ಕೆಳಗೆ ನಿಂತಾಗ ಅಮ್ಮ ನೆನಪಾದಳು. ಸಂಜೆಯಾದರೆ ಸೆರಗಿನಲ್ಲಿ ಹೂ ಹಾಕಿಕೊಂಡು ಬಳ್ಳಿಯಿಂದ ಬಳ್ಳಿಗೆ ಹೋಗುತ್ತಿದ್ದಳಲ್ಲ, ಗೋಡೆ ಕಡೆಯಿಂದ ಈ ಕಡೆಗೆ. ಹೂವಿನ ಕೈಲಿ ಹೂವಿಗೆ ಮುತ್ತು ಕೊಡಿಸ್ತಾಳೆ ಎಂದು ನೀನು ರೇಗಿಸುತ್ತಿದ್ದೆ. ನಾನು ದೊಡ್ಡವಳಾದ ಮೇಲೆ ಅದನ್ನು ಮೂಢನಂಬಿಕೆ ಅಂದೆ. ಈಗ ಅನ್ನಿಸುತ್ತದೆ, ಒಂಟಿತನ ಇರಬೇಕು. ನಾವಿಬ್ಬರೂ ಅವಳ ಜೊತೆ ಕೂರುತ್ತಿರಲಿಲ್ಲ.

ಇನ್ನು ಹದಿನೈದು ದಿನ. ಬುಟ್ಟಿ ಹೆಣೆದಿಟ್ಟಿದ್ದೇನೆ.

ತಂಗಿ


ಜೂನ್ 24

ತಂಗಿ,

ಈ ಸಲ ತಮಾಷೆ ಇಲ್ಲ. ಅಮ್ಮ ಗಂಜಿಯನ್ನೂ ಬಿಟ್ಟಿದ್ದಾಳೆ. ಎರಡು ಚಮಚ ನೀರು ಕುಡಿದರೆ ಹೆಚ್ಚು. ನಿನ್ನ ಅತ್ತಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಅವಳಿಗೆ ಬರೀರಿ, ಅತ್ತೆಗೆ ಕಾಯಿ ಬೇಡ, ಬುಟ್ಟಿ ಬೇಡ. ಅವಳು ಬಂದು ಮುಖ ತೋರಿಸಿದ್ರೆ ಸಾಕು. ಕಾಯಿ ಇಲ್ಲದಿದ್ರೆ ಬಾಗಿಲಲ್ಲಿ ಯಾರೂ ತಡೆಯಲ್ಲ."

ಹೂವಿನ ಸುದ್ದಿ ಓದಿದಾಗ ಅಮ್ಮ ನಗಲಿಲ್ಲ. ಎಲ್ಲ ಹೂವಿನ ಬುಡದಲ್ಲೂ ಗಂಟಿದೆ ಎನ್ನುವಲ್ಲಿಗೆ ಬಂದಾಗ ಕಣ್ಣಿನಿಂದ ನೀರು ಇಳಿಯಿತು. ಸಂತೋಷಕ್ಕೆ ಎಂದೆ ನಾನು. ಅಲ್ಲ ಅಂದಳು ನಿನ್ನ ಅತ್ತಿಗೆ. ಹೊದಿಕೆ ಚಿವುಟುವುದು ಇನ್ನೂ ಇದೆ, ನಿಧಾನವಾಗಿ.

ಬಾ.

ಅಣ್ಣ


ಜುಲೈ 3

ಅಣ್ಣಾ,

ನಿನ್ನ ಪತ್ರ ಬಂದ ದಿನವೇ ಹೊರಡುವವಳಿದ್ದೆ. ಚೀಲಕ್ಕೆ ಬಟ್ಟೆಯನ್ನೂ ಹಾಕಿದ್ದೆ. ಹೋಗುವ ಮುಂಚೆ ಚಪ್ಪರ ನೋಡಿ ಬರೋಣವೆಂದು ಹೋದರೆ ಕೆಳಗೆಲ್ಲ ಗಂಟುಗಳು ಉದುರಿ ಬಿದ್ದಿದ್ದವು. ಹಳದಿಯಾಗಿ, ಬೆರಳಿಗೆ ಮೆತ್ತಗೆ. ಬಳ್ಳಿಯ ಮೇಲಿದ್ದವೂ ಅದೇ ಬಣ್ಣಕ್ಕೆ ತಿರುಗಿದ್ದವು. ಒಂದೇ ಒಂದು ಹೀಚೂ ದಪ್ಪಗಾಗಿಲ್ಲ.

ಆಮೇಲೆ ಏನೇನು ಮಾಡಿದೆವು ಕೇಳಬೇಡ. ನೀರು ಹೆಚ್ಚಾಯಿತೆಂದು ನಿಲ್ಲಿಸಿದೆವು, ಕಡಿಮೆಯಾಯಿತೆಂದು ಹಾಯಿಸಿದೆವು. ಬೂದಿ ಹಾಕಿದೆವು. ಪುಸ್ತಿಕೆಯಲ್ಲಿ ಮಡಹಾಗಲಕ್ಕೆ ಇರುವುದು ನಾಲ್ಕು ಸಾಲು, ಅದರಲ್ಲಿ ಎರಡು ಸಾಲು ಸರ್ಕಾರವನ್ನು ಬೈದಿದ್ದು. ಕನ್ನಡಕದವನು ಹುಳ ಅನ್ನುತ್ತಾನೆ. ಹುಳ ಇಲ್ಲ. ನಾನು ಒಂದೊಂದನ್ನೂ ಬಿಡಿಸಿ ನೋಡಿದ್ದೇನೆ. ಒಳಗೆ ಏನೂ ಇಲ್ಲ.

ಅಮ್ಮನನ್ನು ಕೇಳು, ಅವಳು ಏನು ಮಾಡುತ್ತಿದ್ದಳು ಎಂದು. ಹೌದು ಅಲ್ಲ ಅನ್ನಲು ಕಣ್ಣು ಸಾಕಲ್ಲ. ಗೊಬ್ಬರವಾ? ನೀರಾ? ನೆರಳಾ? ಒಂದೊಂದಾಗಿ ಕೇಳು. ಹೂ ಇನ್ನೂ ಬರುತ್ತಿದೆ. ಇನ್ನೊಂದು ವಾರ ಕೊಡು. ಒಂದು ಕಾಯಿ, ಒಂದೇ ಒಂದು ಕಾಯಿ ಸಿಕ್ಕರೂ ಅದನ್ನೇ ಹಿಡಿದು ಬರುತ್ತೇನೆ. ಬರಿಗೈಯಲ್ಲಿ ಬಂದು ಅವಳ ಮುಂದೆ ಹೇಗೆ ನಿಲ್ಲಲಿ, ಅವಳ ಹಿತ್ತಲನ್ನೂ ನಾನೇ ಖಾಲಿ ಮಾಡಿಸಿದ ಮೇಲೆ?

ತಂಗಿ


ಜುಲೈ 18

ತಂಗಿ,

ಅಮ್ಮ ಹೋದ ಸುದ್ದಿಯನ್ನು ನಿಮ್ಮ ಹತ್ತಿರದ ಹೆದ್ದಾರಿಯ ಬಣ್ಣದಂಗಡಿಗೆ ಫೋನ್ ಮಾಡಿ ಹೇಳಿದ್ದೆ. ಭಟ್ಟಿಯಲ್ಲಿ ಯಾರೂ ಇಲ್ಲ, ಎಲ್ಲರೂ ದೂರದ ಸಂತೆಗೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇನೆ ಅಂದರು. ಒಂದು ದಿನ ಕಾದೆವು. ಅದಕ್ಕಿಂತ ಕಾಯಲು ಆಗಲಿಲ್ಲ. ನಿನಗೆ ಸುದ್ದಿ ತಲುಪಿದೆ ಎಂದು ಆಮೇಲೆ ಅಂಗಡಿಯವರೇ ತಿಳಿಸಿದರು. ನೀನು ಬರಲಿಲ್ಲ. ಬಂದು ಮಾಡುವುದೂ ಏನಿರಲಿಲ್ಲ.

ನಿನ್ನ ಕಡೆಯ ಪತ್ರ ಓದಿದ್ದನ್ನು ಹೇಳಬೇಕು. ಹೋಗುವ ಹಿಂದಿನ ದಿನ ಸಂಜೆ. ಗೊಬ್ಬರವಾ ಎಂದು ಕೇಳಿದೆ, ಕಣ್ಣು ಮುಚ್ಚಿದಳು, ಅಂದರೆ ಅಲ್ಲ. ನೀರಾ? ಅಲ್ಲ. ನೆರಳಾ? ಅಲ್ಲ. ಆಮೇಲೆ ನನ್ನ ಕೈ ಹಿಡಿದು ಹೊದಿಕೆಯ ಮೇಲಿಟ್ಟಳು. ನನ್ನ ಬೆರಳುಗಳನ್ನೇ ಜೋಡಿಸಿ, ಚಿವುಟಿಸಿ, ಇನ್ನೊಂದು ಕಡೆ ಒತ್ತಿಸಿದಳು. ಎಷ್ಟು ಸಲವೋ. ನಾನು "ಆಯ್ತಮ್ಮ, ಆಯ್ತಮ್ಮ" ಅನ್ನುತ್ತಿದ್ದೆ. ನನಗೆ ಏನೂ ಅರ್ಥವಾಗಿರಲಿಲ್ಲ. ಅವಳಿಗೂ ಅದು ತಿಳಿದಿತ್ತು.

ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನ್ನೆ ಆ ಹೊದಿಕೆ ಒಗೆದು ಒಣಗಿಸಿ ಮಡಚುವಾಗ ಹೇಳಿದಳು: "ನೀವು ಗಮನಿಸಿದ್ರೋ ಇಲ್ವೋ. ಅತ್ತೆ ಎಲ್ಲೆಂದರಲ್ಲಿ ಚಿವುಟ್ತಿರಲಿಲ್ಲ. ಇದರ ಮೇಲೆ ಹೂವಿನ ಚಿತ್ರ ಇದೆಯಲ್ಲ, ಯಾವಾಗಲೂ ಒಂದು ಹೂವಿನಿಂದ ತೆಗೆದು ಇನ್ನೊಂದು ಹೂವಿನ ಮೇಲೇ ಇಡ್ತಿದ್ರು."

ಅಲ್ಲಿ ಬಣ್ಣ ಮಾಸಿದೆ. ಬೇರೆಲ್ಲೂ ಮಾಸಿಲ್ಲ.

ಅಣ್ಣ


ಜುಲೈ 25

ಅಣ್ಣಾ,

ಸುದ್ದಿ ಬಂದಾಗ ಬುಟ್ಟಿ ನನ್ನ ಎದುರಿಗೇ ಇತ್ತು. ಎದ್ದು ಬಸ್ಸಿಗೆ ಹೋಗುವ ಬದಲು ಅದರ ಕಡ್ಡಿಗಳನ್ನು ಬಿಚ್ಚುತ್ತಾ ಕೂತೆ. ನಾನು ಯಾಕೆ ಬರಲಿಲ್ಲ ಎಂಬುದಕ್ಕೆ ಇಷ್ಟೇ ಉತ್ತರ ನನ್ನ ಬಳಿ ಇರುವುದು.

ನಿನ್ನ ಪತ್ರವನ್ನು ಎರಡು ಸಲ ಓದಿ ಚಪ್ಪರದ ಕೆಳಗೆ ಹೋದೆ. ಹೊತ್ತು ಇಳಿಯುತ್ತಿತ್ತು. ಒಂದು ಹೂ ಕಿತ್ತು ಅದರ ಬುಡ ನೋಡಿದೆ: ಗಂಟು. ಇನ್ನೊಂದು ನೋಡಿದೆ: ಗಂಟು. ನಡುವೆ ಬೆರಳಾಡಿಸಿದೆ, ಬೆರಳಿಗೆ ಪುಡಿ ಹತ್ತಲಿಲ್ಲ. ಕುಂಬಳದ ಸಾಲಿಗೆ ಓಡಿ ಅಲ್ಲಿ ಬಾಡಿ ಮುಚ್ಚಿದ್ದ, ಗಂಟಿಲ್ಲದ ಹೂವೊಂದನ್ನು ಬಿಡಿಸಿ ಬೆರಳಾಡಿಸಿದೆ. ಬೆರಳೆಲ್ಲ ಹಳದಿ ಪುಡಿ.

ಅಣ್ಣಾ, ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಇರುತ್ತವೆ. ನಾನು ಓದಿದ್ದು ಅದನ್ನೇ, ಎಲ್ಲ ಬಳ್ಳಿಯೂ ಹಾಗೆಯೇ ಎಂದುಕೊಂಡೆ. ಮಡಹಾಗಲದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಗೋಡೆ ಕಡೆ ಬರೀ ಹೂ ಬಿಟ್ಟುಕೊಂಡು ನಿಂತಿದ್ದವು ಗಂಡು ಬಳ್ಳಿಗಳು. ಆ ಹೂವಿನ ಪುಡಿ ತಾಗದಿದ್ದರೆ ಈ ಹೂವಿನಲ್ಲಿ ಕಾಯಿ ನಿಲ್ಲುವುದಿಲ್ಲ. ಊರೊಳಗಿನ ಹಿತ್ತಲಿಗೆ ಅದನ್ನು ಹೊತ್ತು ತರುವ ಹುಳ ಬರುತ್ತಿರಲಿಲ್ಲವೋ ಏನೋ, ಆ ಕೆಲಸವನ್ನು ಅಮ್ಮ ಕೈಯಾರೆ ಮಾಡುತ್ತಿದ್ದಳು. ಅವಳು ಹಾಸಿಗೆ ಹಿಡಿದ ಮೇಲೆ ಒಂದೂ ಕಾಯಿ ಕಟ್ಟಲಿಲ್ಲ ಎಂದು ನೀನು ಮೊದಲ ಪತ್ರದಲ್ಲೇ ಬರೆದಿದ್ದೆ. ನಾನು ಓದಿದೆ. ದುಡಿಯದೆ ತಿನ್ನುವವು ಎಂದು ಉತ್ತರ ಬರೆದೆ.

ಅವಳು ಬೇಡ ಬೇಡ ಅಂದದ್ದು ಆ ಸಾಲಿಗೆ. ಮೂಟೆ ಹಿಡಿದುಕೊಂಡಿದ್ದು ಅದಕ್ಕೆ. ಆ ಹೊದಿಕೆಯ ಮೇಲೆ ಅಷ್ಟು ತಿಂಗಳು ಅವಳು ನನಗೆ ಪಾಠ ಹೇಳಿಕೊಡುತ್ತಿದ್ದಳು, ನಾನು ಬಂದರೆ ನೋಡಲಿ ಎಂದು. ಆಸ್ಪತ್ರೆಯಲ್ಲಿ ಅವಳು ಗೋಡೆ ಕಡೆ ತಿರುಗಿದ್ದು ಸಿಟ್ಟಿಗೋ ಅಳುವುದಕ್ಕೋ ಎಂದು ಈಗ ಯಾರನ್ನು ಕೇಳಲಿ?

ಆ ಮೂಟೆಯಲ್ಲಿದ್ದವು ಏನಾದರೂ ಉಳಿದಿವೆಯೇ?

ತಂಗಿ


ಆಗಸ್ಟ್ 6

ತಂಗಿ,

ನಿನ್ನ ಪತ್ರ ಬಂದ ಮೇಲೆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಬೆರಳು ಒಂದೊಂದಾಗಿ ಎತ್ತಿದವನು ನಾನು. ಅದನ್ನು ನಿನ್ನ ಪಾಲಿಗೆ ಸೇರಿಸಿಕೊಳ್ಳಬೇಡ.

ಮೂರನೆಯ ದಿನ ಸಂಜೆ ಕಾಲುವೆ ದಂಡೆಗೆ ಹೋದೆ. ಇವೆ. ನಾನು ಸುರಿದು ಬಂದಿದ್ದ ಕಡೆಯಿಂದ ಮುರಿದ ಬೇಲಿಗೆ ಹತ್ತಿ, ಅಲ್ಲಿಂದ ಒಂದು ಮುಳ್ಳುಗಿಡದ ತಲೆಯವರೆಗೂ ಹಬ್ಬಿಕೊಂಡಿವೆ. ಯಾರೂ ನೀರು ಹಾಕಿಲ್ಲ, ಯಾರೂ ನೋಡಿಲ್ಲ. ಮೈತುಂಬ ಹೂ. ಒಂದರ ಬುಡದಲ್ಲೂ ಗಂಟಿಲ್ಲ. ಬೆರಳಾಡಿಸಿದರೆ ಪುಡಿ.

ಒಂದು ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಬೆಳಗಿನ ಬಸ್ಸಿಗೆ ಕೊಟ್ಟರೆ ನಿನಗೆ ಸಿಗಬಹುದು ಎಂದು ಲೆಕ್ಕ ಹಾಕಿದ್ದೆ. ಲೋಟದ ನೀರಿನಲ್ಲಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ಮುದುಡಿ ಕಂದಾಗಿತ್ತು. ಒಂದು ಸಂಜೆಯ ಆಯುಸ್ಸು ಅದಕ್ಕೆ. ನಿನಗೂ ನನಗೂ ನಡುವೆ ಒಂದು ಹಗಲಿನ ದಾರಿ. ಈಗ ಅಗೆದರೆ ಗೆಡ್ಡೆ ಸಾಯುತ್ತದೆ, ಅಷ್ಟು ನಾನೂ ಬಲ್ಲೆ. ಚಳಿಯವರೆಗೆ ತಡೆಯಬೇಕು. ಆದರೆ ದಂಡೆಯ ಗಿಡಗಂಟಿ ಸವರುವವರು ಅದಕ್ಕೂ ಮುಂಚೆ ಬರುತ್ತಾರೆ. ಅವರ ಕತ್ತಿಗೆ ಇದು ಕಳೆ.

ಅಮ್ಮನ ಜಾಗ ಹಾಗೇ ಇದೆ. ಮಂಚ ಎತ್ತಿಲ್ಲ. ಹಿತ್ತಲ ಬಾಗಿಲು ತೆಗೆದರೆ ಕಾಂಕ್ರೀಟಿನ ಬಿಸಿ ಮುಖಕ್ಕೆ ಬಡಿಯುತ್ತದೆ. ಬುಟ್ಟಿ ತುಂಬಲಿ ಎಂದು ಇನ್ನು ನಿಲ್ಲಬೇಡ. ಅದಕ್ಕೆ ದಾರಿ ನೋಡುವವರು ಇಲ್ಲಿ ಯಾರೂ ಇಲ್ಲ.

ಅಣ್ಣ


ಆಗಸ್ಟ್ 11

ಅಣ್ಣಾ,

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ನಿಲ್ದಾಣಕ್ಕೆ ಬರಬೇಡ, ದಾರಿ ಗೊತ್ತು. ಅತ್ತಿಗೆಗೆ ಹೇಳು, ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಹೊದಿಕೆಯನ್ನು ಯಾರಿಗೂ ಕೊಡಬೇಡಿ. ಒಂದು ರಾತ್ರಿ ಅದನ್ನು ಹೊದ್ದು ಆ ಮಂಚದ ಮೇಲೆ ಮಲಗುತ್ತೇನೆ, ಬೇಡ ಅನ್ನಬೇಡಿ.

ಗೂಟಗಳಿಂದ ಹತ್ತೂ ದಾರ ಬಿಚ್ಚಿಕೊಂಡಿದ್ದೇನೆ. ನೀನು ಹೇಳಿದ ಹಾಗೆ ಬಣ್ಣ ಬಿಟ್ಟಿಲ್ಲ. ಸಂಜೆ ನನ್ನನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋಗು. ಒಂದೊಂದು ಬುಡಕ್ಕೂ ಕಟ್ಟಬೇಕು. ಸವರುವವರು ಕಂಡು ಬಿಟ್ಟುಹೋಗಲಿ, ಎಲೆ ಒಣಗಿದ ಮೇಲೆ ಅಗೆಯಲು ನಮಗೂ ಗುರುತು ಸಿಗಲಿ.

ತಂಗಿ